ರಾತ್ರಿ ಎರಡು ಗಂಟೆಗೆ ಬಡಾವಣೆ ಖಾಲಿ ಮಾಡಬೇಕಾದರೆ ಗೇಟಿನ ಕೀ ಯಾರ ಹತ್ತಿರ?

ನಾಲ್ಕನೇ ಕ್ರಾಸ್

ಬೆಂಗಳೂರಿನ ಪೂರ್ವಕ್ಕಿರುವ ಒಂದು ಬಡಾವಣೆ ನಮ್ಮದು. ಹೆಸರು ಬೇಡ, ಅಸೋಸಿಯೇಷನ್‌ನವರು ಇಲ್ಲೂ ಓದುತ್ತಾರೆ. ಎಲ್ಲಾ 30-40 ಅಡಿ ಅಳತೆಯ ಸೈಟು, ನೆಲಮಹಡಿ ಮೇಲೆ ಮೂರು ಅಂತಸ್ತು. ಮಧ್ಯದಲ್ಲಿ ನಾಲ್ಕು ಪಿಜಿ. ಒಳಗೆ ಬರಲು ಎರಡು ದಾರಿ. ಕಳ್ಳರ ಕಾಟ ಅಂತ ಎರಡು ವರ್ಷದ ಹಿಂದೆ ಹಿಂದಿನ ದಾರಿಗೆ ಗೇಟ್ ಹಾಕಿದರು. ರಾತ್ರಿ ಹತ್ತಕ್ಕೆ ಬೀಗ.

ಕಳೆದ ಮಂಗಳವಾರ ರಾತ್ರಿ ಎರಡಕ್ಕೆ ಮುಂದಿನ ದಾರಿಯ ಟ್ರಾನ್ಸ್‌ಫಾರ್ಮರ್ ಢಂ ಅಂತ ಸಿಡಿಯಿತು. ಎಣ್ಣೆ ಸುರಿದು ಬೆಂಕಿ. ಕೆಳಗೆ ನಿಲ್ಲಿಸಿದ್ದ ಎರಡು ಸ್ಕೂಟರ್‌ಗೂ ಹತ್ತಿಕೊಂಡಿತು. ಆ ಕಡೆ ಹೋಗುವ ಹಾಗಿಲ್ಲ, ಎಲ್ಲರೂ ಹಿಂದಿನ ಗೇಟಿಗೆ ಓಡಿದೆವು. ಬೀಗ! ವಾಚ್‌ಮನ್ ಕೀ ಖಜಾಂಚಿ ಹತ್ತಿರ ಅಂದ. ಖಜಾಂಚಿ ತಿರುಪತಿಯಲ್ಲಿದ್ದಾರೆ. ನೈಟಿ, ಬನಿಯನ್ನಿನಲ್ಲಿ ನೂರೈವತ್ತು ಜನ ಗೇಟಿನ ಈಚೆ. ಗೇಟಿನ ಆಚೆ ಫೈರ್ ಇಂಜಿನ್, ಕೆಂಪು ದೀಪ ತಿರುಗುತ್ತಾ ನಿಂತಿದೆ. ಕೊನೆಗೆ ಪಿಜಿಯ ಒಬ್ಬ ಹುಡುಗ ಸೈಜುಗಲ್ಲು ತಂದು ಬೀಗ ಕುಟ್ಟಿ ಕುಟ್ಟಿ ಒಡೆದ.

ಎದುರು ಮನೆ ಮೂರನೇ ಮಹಡಿಯ ಅಜ್ಜಿಗೆ ನಡೆಯಲು ಆಗುವುದಿಲ್ಲ. ನಾವು ಮೂವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಎರಡನೇ ತಿರುವಿನಲ್ಲಿ ಕುರ್ಚಿಯ ಕಾಲು ಚಟ್ ಅಂತು. ಅಜ್ಜಿ ಮಾತ್ರ 'ಗ್ಯಾಸ್ ಆಫ್ ಮಾಡಿದ್ಯೇನೋ' ಅಂತ ಕೇಳುತ್ತಲೇ ಇದ್ದರು.

ಯಾರಿಗೂ ಏನೂ ಆಗಲಿಲ್ಲ. ಈಗ ಅಸೋಸಿಯೇಷನ್‌ಗೆ 'ಎಮರ್ಜೆನ್ಸಿ ಪ್ಲಾನ್' ಬೇಕಂತೆ, ನನ್ನ ತಲೆಗೆ ಕಟ್ಟಿದ್ದಾರೆ. ಯಾರಾದರೂ ಇಂಥದ್ದು ನಿಜವಾಗಿ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಲಿ?

ಫಿಲ್ಟರ್ ಕಾಪಿ

ಖಜಾಂಚಿಯಿಂದ.

ಮೂಲೆ ಸೈಟು

ಗೇಟ್ ಹಾಕಿದ್ದೇ ತಪ್ಪು ಸ್ವಾಮಿ. ಸಾರ್ವಜನಿಕ ರಸ್ತೆಗೆ ಬೀಗ ಹಾಕಲು ಅಸೋಸಿಯೇಷನ್‌ಗೆ ಯಾವ ಅಧಿಕಾರ? ಕಿತ್ತು ಹಾಕಿ, ಮುಗಿಯಿತು.

ಕೆರೆ ಏರಿ

ಮೂಲೆ ಸೈಟು ಅವರೇ, ಒಂದೇ ತಿಂಗಳಲ್ಲಿ ಮೂರು ಬೈಕ್ ಕಳೆದುಕೊಂಡ ಬೀದಿಗೆ ಹೋಗಿ ಇದನ್ನು ಹೇಳಿ ನೋಡೋಣ. ಗೇಟ್ ಇರಲಿ, ಬೀಗ ಇರುವ ರೀತಿ ಬದಲಾಗಲಿ.

ನಿವೃತ್ತ ಇಂಜಿನಿಯರ್

ಮೊದಲು ಒಂದು ಮಾತು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ. ಅದಕ್ಕೆ ಫೈರ್ ಇಂಜಿನ್ ಒಳಗೆ ಬರಲು 6 ಮೀಟರ್ ದಾರಿ ಬೇಕು, ಆ ನೆಲ 45 ಟನ್ ಭಾರ ತಡೆಯಬೇಕು, ಹೀಗೆ ಸಾಲು ಸಾಲು ನಿಯಮ. ನಿಮ್ಮ 30-40 ಸೈಟಿನ ಮನೆಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಒಂದೊಂದು ಮನೆಯಾಗಿ ನೋಡಿದರೆ ಎಲ್ಲಾ ಚಿಕ್ಕ ಕಟ್ಟಡ. ಆದರೆ ಗೋಡೆಗೆ ಗೋಡೆ ಅಂಟಿಕೊಂಡ ಇನ್ನೂರು ಚಿಕ್ಕ ಕಟ್ಟಡಕ್ಕೆ ಒಂದೇ ದಾರಿ ಅಂದರೆ ಅದು ಮಲಗಿಸಿಟ್ಟ ಬಹುಮಹಡಿ ಕಟ್ಟಡವೇ ಅಲ್ವಾ? ಅದಕ್ಕೆ ಎನ್‌ಒಸಿ, ಅಂದರೆ ಅಗ್ನಿಶಾಮಕದವರ ನಿರಾಕ್ಷೇಪಣಾ ಪತ್ರ, ಕೇಳುವವರು ಯಾರೂ ಇಲ್ಲ.

ಒಂದು ಟೇಪ್ ಹಿಡಿದು ರಾತ್ರಿ ಹನ್ನೊಂದರ ಮೇಲೆ ನಿಮ್ಮ ರಸ್ತೆ ಅಳೆಯಿರಿ. ಹಗಲಲ್ಲಿ ಬೇಡ. ಹಗಲಲ್ಲಿ ಅರ್ಧ ಕಾರು ಆಫೀಸಿಗೆ ಹೋಗಿರುತ್ತವೆ. ರಾತ್ರಿ ಎರಡೂ ಬದಿ ಕಾರು ನಿಂತ ಮೇಲೆ ಎಷ್ಟು ಉಳಿಯುತ್ತದೆ ನೋಡಿ. ತಿರುವಿನಲ್ಲಿ ಬೇರೆ ಅಳೆಯಿರಿ. ನೇರ ರಸ್ತೆಯಲ್ಲಿ ಬಂದ ಇಂಜಿನ್ ಸಿಕ್ಕಿಕೊಳ್ಳುವುದು ತಿರುವಿನಲ್ಲೇ.

ಮೂಲೆ ಸೈಟು

ತಿರುವಿನಲ್ಲಿ ಸಿಕ್ಕಿಕೊಳ್ಳುವುದು ಎಂದಾಗ ಎಲ್ಲರೂ ನನ್ನ ಕಾರನ್ನೇ ಯಾಕೆ ನೋಡುತ್ತೀರಿ?

ಫಿಲ್ಟರ್ ಕಾಪಿ

ಹೆಸರಲ್ಲೇ ಇದೆಯಲ್ಲ ಸಾರ್.

ಹಳೇ ಹಲಸೂರು

ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಟ್ಟರೆ ಬಂದು ಅಣಕು ಕಾರ್ಯಾಚರಣೆ ಮಾಡಿ ತೋರಿಸುತ್ತಾರೆ. ನಾವು ಮಾಡಿಸಿದ್ದೇವೆ. 64 ಫ್ಲ್ಯಾಟಿನ ಅಪಾರ್ಟ್‌ಮೆಂಟು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಲಾರಂ. ನಡೆದದ್ದು ಇಷ್ಟು: ಒಂಬತ್ತು ಮನೆಯಿಂದ ಸೆಕ್ಯುರಿಟಿಗೆ ಫೋನ್, 'ಅದೇನದು ಸದ್ದು, ಆಫ್ ಮಾಡಿ' ಅಂತ. ಇನ್ನು ಕೆಲವರು ಬಾಲ್ಕನಿಯಿಂದ ವಿಡಿಯೋ ತೆಗೆದರು. ಇಳಿದು ಬಂದವರಲ್ಲಿ ಅರ್ಧ ಜನ ಲಿಫ್ಟ್‌ನಲ್ಲಿ ಬಂದರು! ಬಂದಿದ್ದ ಅಧಿಕಾರಿ ಏನೂ ಬೈಯಲಿಲ್ಲ. ಲಿಫ್ಟ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಮುಗಿದು 'ನಮಸ್ಕಾರ, ನೀವು ಈಗ ಇಲ್ಲ' ಅಂದರು. ಮುಂದಿನ ವರ್ಷ ಒಬ್ಬರೂ ಲಿಫ್ಟ್ ಹತ್ತಲಿಲ್ಲ.

ಮಲ್ಲೇಶ್ವರದ ಮಗಳು

ನಗು ಬಂತು, ಆದರೆ ಕಾರ್ಲ್‌ಟನ್ ಟವರ್ಸ್ ನೆನಪಾಯಿತು. 2010ರ ಫೆಬ್ರವರಿ 23. ಹಳೇ ಏರ್‌ಪೋರ್ಟ್ ರಸ್ತೆ, ಏಳು ಅಂತಸ್ತು. ವಿದ್ಯುತ್ ಕೇಬಲ್ ಹೋಗುವ ಶಾಫ್ಟ್‌ನಲ್ಲಿ ಬೆಂಕಿ. ಬೆಂಕಿ ದೊಡ್ಡದಿರಲಿಲ್ಲ, ಹೊಗೆ ದೊಡ್ಡದು. ಒಂಬತ್ತು ಜನ ಹೋದರು, ಕೆಲವರು ಉಸಿರುಗಟ್ಟಿ ಕಿಟಕಿಯಿಂದ ಹಾರಿದ್ದರು. ತುರ್ತು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಆಗ ನಾನು ಅದೇ ರಸ್ತೆಯ ಇನ್ನೊಂದು ಆಫೀಸಿನಲ್ಲಿದ್ದೆ. ಮಾರನೇ ದಿನ ನಮ್ಮ ಮೆಟ್ಟಿಲ ಬಾಗಿಲಿನ ಬೀಗ ಮಾಯ. ಒಂದು ತಿಂಗಳಾದ ಮೇಲೆ ವಾಪಸ್ ಬಂತು.

ಮಗನನ್ನು ಕಳೆದುಕೊಂಡ ಒಬ್ಬ ತಂದೆ ಆಮೇಲೆ 'ಬಿಯಾಂಡ್ ಕಾರ್ಲ್‌ಟನ್' ಅಂತ ಸಂಸ್ಥೆ ಕಟ್ಟಿ ಇದನ್ನೇ ಹೇಳುತ್ತಾ ಬಂದಿದ್ದಾರೆ.

ಬೇಸ್‌ಮೆಂಟ್ ಸಂತ್ರಸ್ತ

ಎಲ್ಲರೂ ಬೆಂಕಿ ಬೆಂಕಿ ಅಂತಿದ್ದೀರಿ. ನಮ್ಮೂರಲ್ಲಿ ಮನೆ ಬಿಡಿಸುವುದು ಜಾಸ್ತಿ ನೀರೇ.

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದದ್ದು 131.6 ಮಿಲಿಮೀಟರ್. ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿ ಕೋಟಿಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಟ್ರೈಲರ್ ಹತ್ತಿ ಬಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಾನು ಟ್ರೈಲರ್ ಒಳಗಿದ್ದೆ. ನನ್ನ ಪಕ್ಕ ಒಂದು ಲ್ಯಾಬ್ರಡಾರ್, ಎದುರಿಗೆ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತಬ್ಬಿಕೊಂಡ ಒಬ್ಬ ಹುಡುಗ, ಮೂಲೆಯಲ್ಲಿ ಇನ್ನೂ ಒಣಗದ ಸಗಣಿ. ಡ್ರೈವರ್ ತಲೆಗೆ ಇಷ್ಟು ಅಂತ ಕೇಳಿದ. ಕಾರ್ಡ್ ಇದೆ ಅಂದೆ. ಅವನು ನಕ್ಕ. ನನ್ನ ಹತ್ತಿರ ಒಂದು ರೂಪಾಯಿ ನಗದು ಇರಲಿಲ್ಲ, ಫೋನ್ ಸತ್ತಿತ್ತು. ಲ್ಯಾಬ್ರಡಾರ್ ಮಾಲೀಕರು ಕೊಟ್ಟರು.

ಹಾಗಾಗಿ ನಾಲ್ಕನೇ ಕ್ರಾಸ್ ಅವರೇ, ಪಟ್ಟಿಯಲ್ಲಿ ಬರೆದುಕೊಳ್ಳಿ: ಹತ್ತಿರದ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಯಾರ ಹತ್ತಿರ ಇದೆ, ಅವರ ನಂಬರ್. ಇನ್ನೊಂದು, ಮನೆಯಲ್ಲಿ ಎರಡು ಸಾವಿರ ರೂಪಾಯಿ, ನೂರು ನೂರರ ನೋಟಾಗಿ.

ಕೆರೆ ಏರಿ

ಕೆರೆ ಮೇಲೆ ವಿಲ್ಲಾ ಕಟ್ಟಿದರೆ ಕೆರೆ ವಾಪಸ್ ಬರುತ್ತದೆ. ಅಷ್ಟೇ.

ಬೇಸ್‌ಮೆಂಟ್ ಸಂತ್ರಸ್ತ

ನಾನು ಬಾಡಿಗೆಗೆ ಇದ್ದವನು ಮಾರಾಯ್ರೇ. ಕೆರೆ ನುಂಗಿದ್ದು ನಾನಲ್ಲ. ನಿಮ್ಮ ಹೆಸರೇ ಕೆರೆ ಏರಿ, ನೀವೆಲ್ಲಿ ಮನೆ ಕಟ್ಟಿದ್ದೀರಿ?

ಕೆರೆ ಏರಿ

ಏರಿಯ ಮೇಲೆ. ಅದಕ್ಕೇ ಒಣಗಿದ್ದೇನೆ.

ನರ್ಸಮ್ಮ

ಕೆರೆ ಜಗಳ ಆಮೇಲೆ ಆಡಿ. ನನ್ನ ಸೋದರತ್ತೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿದ್ದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ಇಡೀ ಆವರಣ ನೀರಾಯಿತಲ್ಲ, ಆಗ ಅವರನ್ನು ರಬ್ಬರ್ ದೋಣಿಯಲ್ಲಿ ಕರೆತಂದರು. ಅಲ್ಲಿ ನಿವೃತ್ತರೇ ಜಾಸ್ತಿ. ಅತ್ತೆ ಮನೆ ಪತ್ರ, ಬ್ಯಾಂಕ್ ಪಾಸ್‌ಬುಕ್, ಎರಡು ರೇಷ್ಮೆ ಸೀರೆ ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದರು. ಹಿಯರಿಂಗ್ ಏಡ್ ಫ್ರಿಜ್ ಮೇಲೆ ಬಿಟ್ಟು ಬಂದರು. ಒಂದು ವಾರ ನಮ್ಮ ಮನೆಯಲ್ಲಿ ಟಿವಿ ಎದುರು ಕೂತು ಎಲ್ಲದಕ್ಕೂ 'ಹಾಂ?' ಅನ್ನುತ್ತಿದ್ದರು.

ಬ್ಯಾಗ್ ಅಂದರೆ ಎಲ್ಲರೂ ಪಾಸ್‌ಪೋರ್ಟ್, ಆಧಾರ್ ಅಂತಾರೆ. ಆಧಾರ್ ಫೋನಲ್ಲೇ ಇರುತ್ತದೆ. ನನ್ನ ಪ್ರಕಾರ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ಚೀಲದಲ್ಲಿ ಇರಬೇಕಾದ್ದು: ಮೂರು ದಿನದ ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್ ಎಲ್ಲಿದೆ ಅಂತ ಬರೆದ ಚೀಟಿ, ಹಳೇ ಕನ್ನಡಕ, ಟಾರ್ಚ್, ಒಂದು ಜೊತೆ ಚಪ್ಪಲಿ. ಚಪ್ಪಲಿ ಮರೆಯಬೇಡಿ. ಬರಿಗಾಲಲ್ಲಿ ಓಡಿ ಗಾಜು ತುಳಿದವರನ್ನು ನಾನು ಡ್ಯೂಟಿಯಲ್ಲಿ ನೋಡಿದಷ್ಟು ನೀವು ನೋಡಿಲ್ಲ.

ಕುರ್ಚಿ ವಿಷಯ: ಪ್ಲಾಸ್ಟಿಕ್ ಬೇಡ, ಕೈಯಿಲ್ಲದ ಮರದ ಅಥವಾ ಕಬ್ಬಿಣದ ಕುರ್ಚಿ. ಕೂತವರನ್ನು ಎದೆಯ ಸುತ್ತ ಒಂದು ಸೀರೆಯಿಂದ ಕುರ್ಚಿಗೆ ಕಟ್ಟಿ. ಮುಖ ಮುಂದಕ್ಕೆ, ಒಬ್ಬರು ಹಿಂದೆ ಬೆನ್ನು ಹಿಡಿದು, ಒಬ್ಬರು ಮುಂದೆ ಕಾಲು ಹಿಡಿದು. ಮೂರನೆಯವರು ಮುಂದಿನವರ ಸೊಂಟ ಹಿಡಿದು ಮೆಟ್ಟಿಲು ಎಣಿಸಬೇಕು.

ನಾಲ್ಕನೇ ಕ್ರಾಸ್

ನಾವು ಮೂರನೆಯವನನ್ನು ಟಾರ್ಚ್ ಹಿಡಿಯಲು ಬಿಟ್ಟಿದ್ದೆವು. ಅವನು ಟಾರ್ಚನ್ನು ನನ್ನ ಕಣ್ಣಿಗೆ ಹಿಡಿದಿದ್ದ.

ಬಾಡಿಗೆ ಜೀವ

ಒಂದು ಪ್ರಶ್ನೆ. ನಿಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ ಬಾಡಿಗೆಯವರು ಇದ್ದಾರಾ? ನಮ್ಮಲ್ಲಿ ಓನರ್‌ಗಳಿಗೆ ಮಾತ್ರ ಗ್ರೂಪು. ನಮ್ಮ ಓನರ್ ಇರುವುದು ಹುಬ್ಬಳ್ಳಿಯಲ್ಲಿ. ನೀರು ಬರಲ್ಲ ಅನ್ನುವ ಸುದ್ದಿ ಹುಬ್ಬಳ್ಳಿ ಸುತ್ತಿಕೊಂಡು ನನಗೆ ಸಂಜೆ ಬರುತ್ತದೆ, ಆಗ ನೀರೇ ಬಂದಿರುತ್ತದೆ. ಬೆಂಕಿ ಬಿದ್ದರೂ ಹೀಗೇನಾ?

ನಾಲ್ಕನೇ ಕ್ರಾಸ್

ಇಲ್ಲ. ನಮ್ಮದೂ ಓನರ್ ಗ್ರೂಪೇ. ಬೀಗ ಒಡೆದ ಪಿಜಿ ಹುಡುಗನ ಹೆಸರೇ ನಮಗೆ ಯಾರಿಗೂ ಗೊತ್ತಿಲ್ಲ ಅನ್ನುವುದು ಈಗ ಹೊಳೆಯಿತು.

ಪಿಜಿ ಊಟ

ನಮ್ಮ ಪಿಜಿಯಲ್ಲಿ ನಾಲ್ಕು ಮಹಡಿಗೆ 70 ಜನ, ಒಂದು ಮೆಟ್ಟಿಲು. ಮೆಟ್ಟಿಲ ಕೆಳಗೆ ಸಿಲಿಂಡರ್. ರಾತ್ರಿ 10:30ಕ್ಕೆ ಹೊರಗಿನಿಂದ ಬೀಗ, 'ಸೇಫ್ಟಿಗೆ' ಅಂತ. ಟೆರೇಸ್‌ಗೂ ಬೀಗ, ಅಲ್ಲಿ ಸಿಗರೇಟ್ ಸೇದುತ್ತಾರೆ ಅಂತ. ಪ್ಲಾನ್ ಮಾಡುವವರು ದಯವಿಟ್ಟು ನಮ್ಮನ್ನೂ ಎಣಿಸಿ.

ನಿವೃತ್ತ ಇಂಜಿನಿಯರ್

ಇದು ತಮಾಷೆಯ ವಿಷಯ ಅಲ್ಲ. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಗುಲ್ಜಾರ್ ಹೌಜ್‌ನಲ್ಲಿ ಒಂದೇ ಕಟ್ಟಡದಲ್ಲಿ 17 ಜನ ಸತ್ತರು. ಚಾರ್‌ಮಿನಾರ್ ಹತ್ತಿರ. ಕೆಳಗೆ ಅಂಗಡಿ, ಮೇಲೆ ಮನೆ, ಇಕ್ಕಟ್ಟಾದ ಒಂದೇ ದಾರಿ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮದೇ ನಗರ್ತಪೇಟೆಯಲ್ಲಿ ಐದು ಜನ. ಅಲ್ಲೂ ಕೆಳಗೆ ಸರಕು, ಮೇಲೆ ವಾಸ. ಒಂದೇ ಮೆಟ್ಟಿಲು ಇರುವ ಕಡೆ ಆ ಮೆಟ್ಟಿಲ ಕೆಳಗೆ ಏನು ಇಟ್ಟಿದ್ದೀರಿ ಅನ್ನುವುದೇ ಪ್ಲಾನ್. ಸಿಲಿಂಡರ್, ಹಳೇ ಹಾಸಿಗೆ, ಯುಪಿಎಸ್ ಬ್ಯಾಟರಿ, ಚಾರ್ಜಿಗೆ ಹಾಕಿದ ಸ್ಕೂಟರ್, ಇವು ಅಲ್ಲಿದ್ದರೆ ನೀವು ಬೇರೆ ಏನು ಬರೆದರೂ ಪ್ರಯೋಜನ ಇಲ್ಲ.

ಹೊಗೆ ಬಂದಾಗ ಕೆಳಗೆ ಇಳಿಯಲು ಆಗದಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿ, ರಸ್ತೆ ಕಡೆ ಕಿಟಕಿಗೆ ಬಂದು ಕೂಗಿ. ಕಿಟಕಿ ತೆರೆಯುವ ಹಾಗಿದ್ದರೆ.

ಮಲ್ಲೇಶ್ವರದ ಮಗಳು

'ತೆರೆಯುವ ಹಾಗಿದ್ದರೆ.' 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಲ್ಲಿ ತಾಯಿ, ಮಗಳು ಹೋದದ್ದು ಹಾಗೇ. ಬಾಲ್ಕನಿವರೆಗೂ ಬಂದಿದ್ದರು. ಗ್ರಿಲ್ ಇತ್ತು. ಆ ವಿಡಿಯೋ ನೋಡಿದ ಮೇಲೆ ನಾವು ಬಾಲ್ಕನಿ ಗ್ರಿಲ್‌ಗೆ ಎರಡಡಿಯ ಒಂದು ಬಾಗಿಲು ಮಾಡಿಸಿದೆವು, ಒಳಗಿನಿಂದ ಚಿಲಕ. ವೆಲ್ಡರ್ 1,800 ತೆಗೆದುಕೊಂಡ.

ಮೂಲೆ ಸೈಟು

ಚಿಲಕ ಹಾಕಿದರೆ ಕಳ್ಳ ಕೈ ಹಾಕಿ ತೆಗೆಯುತ್ತಾನೆ.

ಮಲ್ಲೇಶ್ವರದ ಮಗಳು

ಮೂರನೇ ಮಹಡಿಗೆ ಹತ್ತಿ ಬಂದ ಕಳ್ಳನಿಗೆ ಕಾಫಿ ಕೊಡುತ್ತೇನೆ, ಬಿಡಿ.

ಟೋರೆನ್ಸ್ ಕನ್ನಡಿಗ

ನಾನಿರುವುದು ಲಾಸ್ ಏಂಜಲೀಸ್ ಕೌಂಟಿಯಲ್ಲಿ. 'ಫಾರಿನ್‌ನಲ್ಲಿ ಎಲ್ಲಾ ಸರಿ' ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. 2025ರ ಜನವರಿ 7ರಂದು ಇಲ್ಲಿನ ಪೆಲಿಸೇಡ್ಸ್ ಕಡೆ ಕಾಡ್ಗಿಚ್ಚು ಬಂದಾಗ ಗುಡ್ಡದಿಂದ ಇಳಿಯುವ ರಸ್ತೆಗಳು ತುಂಬಿಹೋದವು. ಜನ ಕಾರು ಅಲ್ಲೇ ಬಿಟ್ಟು, ಲಾಕ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಓಡಿದರು. ಫೈರ್ ಇಂಜಿನ್ ಮೇಲೆ ಹೋಗಲು ದಾರಿಯೇ ಇಲ್ಲ. ಕೊನೆಗೆ ಬುಲ್ಡೋಜರ್ ತಂದು ಕಾರುಗಳನ್ನು ಪಕ್ಕಕ್ಕೆ ತಳ್ಳಿದರು. ಬಿಡುವುದಾದರೆ ಕೀ ಕಾರಲ್ಲೇ ಬಿಡಿ ಅಂತ ಬೇಡಿಕೊಳ್ಳುತ್ತಿದ್ದರು. ನಿಮ್ಮ ಗೇಟಿನ ಕಥೆ ಓದಿ ಅದೇ ನೆನಪಾಯಿತು.

ಎರಡು ದಿನ ಬಿಟ್ಟು, 9ನೇ ತಾರೀಖು, ಇಡೀ ಕೌಂಟಿಗೆ ಮನೆ ಬಿಡಲು ಸಿದ್ಧರಾಗಿ ಅಂತ ಮೊಬೈಲ್ ಸಂದೇಶ ಬಂತು. ಸುಮಾರು ಒಂದು ಕೋಟಿ ಜನಕ್ಕೆ! ತಪ್ಪು ಸಂದೇಶ. ನನ್ನ ಹೆಂಡತಿ ಅಷ್ಟರಲ್ಲಿ ದೇವರ ಮನೆ ಪೂರ್ತಿ ಪ್ಯಾಕ್ ಮಾಡಿದ್ದಳು. ಆಮೇಲೆ ಬಂದ ಸಂದೇಶಗಳನ್ನು ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ನಿಮ್ಮ ಗ್ರೂಪಿನಲ್ಲಿ ಫಾರ್ವರ್ಡ್ ಮಾಡುವವರನ್ನು ಸ್ವಲ್ಪ ಹಿಡಿತದಲ್ಲಿಡಿ.

ಫಿಲ್ಟರ್ ಕಾಪಿ

ಇಲ್ಲೂ 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಪರೀಕ್ಷೆಗೆ ಅಂತ ಎಲ್ಲರ ಮೊಬೈಲನ್ನೂ ಒಟ್ಟಿಗೆ ಕಿರುಚಿಸಿತಲ್ಲ. ನಾನು ಮೀಟಿಂಗ್‌ನಲ್ಲಿದ್ದೆ. ಹದಿನಾಲ್ಕು ಫೋನ್ ಒಂದೇ ಸಲ. ಮ್ಯಾನೇಜರ್ ಮೇಜಿನ ಕೆಳಗೆ ಹೋದರು.

ಹಳೇ ಹಲಸೂರು

2025ರ ಮೇ 7ರಂದು ಸಿವಿಲ್ ಡಿಫೆನ್ಸ್‌ನವರು ನಮ್ಮ ಹಲಸೂರಿನಲ್ಲಿ ಅಣಕು ಕಾರ್ಯಾಚರಣೆ ಮಾಡಿದಾಗ ನಾನು ಮನೆಯಲ್ಲೇ ಇದ್ದೆ. ನಮ್ಮ ಬೀದಿಗೆ ಸೈರನ್ ಕೇಳಿಸಲಿಲ್ಲ, ಪ್ರೆಷರ್ ಕುಕ್ಕರ್ ಕೇಳಿಸಿತು. ಕರೆಂಟ್ ಹೋದ ರಾತ್ರಿ ಮೊಬೈಲ್ ನೆಚ್ಚಿಕೊಳ್ಳಬೇಡಿ. ನಿಮ್ಮಲ್ಲಿ ಗಣೇಶನ ಗುಡಿ ಇದ್ದರೆ ಅದರ ಗಂಟೆ ಸಾಕು. ನಿಲ್ಲಿಸದೆ ಹೊಡೆದರೆ ಮಂಗಳಾರತಿ ಅಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಬಾಡಿಗೆ ಜೀವ

ಕಸದ ಗಾಡಿಯ ಮೈಕ್ ಬಾಡಿಗೆಗೆ ತಗೊಳ್ಳಿ. ಅದು ಬಂದರೆ ಇಡೀ ಬೀದಿ ಒಂದೇ ನಿಮಿಷದಲ್ಲಿ ಹೊರಗಿರುತ್ತದೆ. ಅದಕ್ಕಿಂತ ಒಳ್ಳೆ ತಾಲೀಮು ಬೇಕಾ?

ನಾಯಿ ಅಮ್ಮ

ಬೀದಿ ನಾಯಿಗಳ ಬಗ್ಗೆ ಯಾರಾದರೂ ಯೋಚನೆ ಮಾಡಿದ್ದೀರಾ?

ಮೂಲೆ ಸೈಟು

ಅವು ನಮಗಿಂತ ಮೊದಲೇ ಹೋಗಿರುತ್ತವೆ. ಅವುಗಳ ಹಿಂದೆ ಓಡಿದರೆ ಸಾಕು. ದಯವಿಟ್ಟು ಈ ಚರ್ಚೆಯನ್ನೂ ನಾಯಿ ಚರ್ಚೆ ಮಾಡಬೇಡಿ.

ನಾಯಿ ಅಮ್ಮ

ಸಾಕಿದ ನಾಯಿಗಾದರೂ ಬೆಲ್ಟ್, ಬಾಗಿಲ ಹಿಂದಿನ ಅದೇ ಮೊಳೆಗೆ ನೇತುಹಾಕಿ. ಗಾಬರಿಯಲ್ಲಿ ನಾಯಿ ಮಂಚದ ಕೆಳಗೆ ಸೇರುತ್ತದೆ, ಅದನ್ನು ಹುಡುಕಲು ವಾಪಸ್ ಹೋಗುವವರೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇಷ್ಟೇ ಹೇಳಬೇಕಿತ್ತು.

ವೈಜಾಗ್‌ನಲ್ಲಿದ್ದೆ

ಓಡುವುದೂ ಯಾವಾಗಲೂ ಸರಿ ಅಲ್ಲ. 2020ರ ಮೇ 7ರಂದು ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಸ್ಟೈರೀನ್ ಅನ್ನುವ ವಿಷ ರಾಸಾಯನಿಕ ಸೋರಿದಾಗ ಬೆಳಗಿನ ಜಾವ ಜನ ಮನೆಯಿಂದ ಓಡಿ ರಸ್ತೆಯಲ್ಲೇ ಕುಸಿದು ಬಿದ್ದರು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ನಿಮ್ಮ ಬಡಾವಣೆ ಪಕ್ಕ ಕಾರ್ಖಾನೆ ಅಥವಾ ಅಮೋನಿಯ ಬಳಸುವ ದೊಡ್ಡ ಕೋಲ್ಡ್ ಸ್ಟೋರೇಜ್ ಇದೆಯಾ ನೋಡಿಕೊಳ್ಳಿ. ಇದ್ದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೋಗಬೇಕು, ಒಂದೇ ಗೇಟಿನ ಕಡೆ ಅಲ್ಲ.

ಬೇಸ್‌ಮೆಂಟ್ ಸಂತ್ರಸ್ತ

ನೀರಿಗೂ ಒಂದು 'ಹೋಗಬೇಡಿ' ಇದೆ. ಕಾರು ತೆಗೆಯಲು ಬೇಸ್‌ಮೆಂಟಿಗೆ ಇಳಿಯಬೇಡಿ. ಪಂಪ್ ಹಾಕಲೂ ಇಳಿಯಬೇಡಿ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಕಡೆ ಅಪಾರ್ಟ್‌ಮೆಂಟಿನ ನೀರು ಹೊರಗೆ ಹಾಕಲು ಪಂಪ್ ಚಾಲು ಮಾಡುವಾಗ ಶಾಕ್ ಹೊಡೆದು ಇಬ್ಬರು ಸತ್ತರು, ಒಬ್ಬ ಹನ್ನೆರಡು ವರ್ಷದ ಹುಡುಗ. ನೀರು ಏರುವ ಮೊದಲೇ ಮೇನ್ ಆಫ್ ಮಾಡಲು ಯಾರು ಹೋಗುತ್ತಾರೆ ಅಂತ ಹೆಸರು ಹಾಕಿ ಬರೆಯಿರಿ. 'ಸಮಿತಿ' ಅಂತ ಬರೆದರೆ ಯಾರೂ ಹೋಗಲ್ಲ.

ಕೆರೆ ಏರಿ

ಪ್ಲಾನ್ ಆದ ಮೇಲೆ ಪಾಲಿಕೆಗೂ ಒಂದು ಪ್ರತಿ ಕೊಡಿ.

ಫಿಲ್ಟರ್ ಕಾಪಿ

ಯಾವ ಪಾಲಿಕೆಗೆ? ಬೆಂಗಳೂರಿಗೆ ಈಗ ಐದು ಇವೆ. ನಮ್ಮದು ಯಾವುದು ಅಂತ ಇನ್ನೂ ನಮ್ಮಪ್ಪನಿಗೆ ಅರ್ಥ ಮಾಡಿಸುತ್ತಿದ್ದೇನೆ.

ನಿವೃತ್ತ ಇಂಜಿನಿಯರ್

ನಂಬರ್ ಮಾತ್ರ ಬದಲಾಗಿಲ್ಲ. 112, ಅಗ್ನಿಶಾಮಕಕ್ಕೆ 101, ಆಂಬುಲೆನ್ಸ್‌ಗೆ 108. ಫೋನ್ ಮಾಡಿದವರು ಮೊದಲು ವಿಳಾಸ ಹೇಳಿ, ಯಾವ ಕಡೆಯ ಗೇಟ್ ಅಂತ ಹೇಳಿ, ಆಮೇಲೆ ಅಳಿ. ಮ್ಯಾಪ್ ಹತ್ತಿರದ ದಾರಿ ತೋರಿಸುತ್ತದೆ, ಅದಕ್ಕೆ ಬೀಗ ಇದೆ ಅಂತ ಮ್ಯಾಪಿಗೆ ಗೊತ್ತಿಲ್ಲ. ಮಂಗಳವಾರ ನಿಮ್ಮಲ್ಲಿ ಆದದ್ದೂ ಅದೇ ಇರಬೇಕು.

ನಾಲ್ಕನೇ ಕ್ರಾಸ್

ಹೌದು! ಡ್ರೈವರ್ ಮ್ಯಾಪ್ ನೋಡಿಕೊಂಡು ಹಿಂದಿನ ಗೇಟಿಗೆ ಬಂದಿದ್ದ. ನಮ್ಮ ಅದೃಷ್ಟ, ನಾವೂ ಅಲ್ಲೇ ಇದ್ದೆವು.

ನಾಲ್ಕನೇ ಕ್ರಾಸ್ (ಹನ್ನೆರಡು ದಿನದ ನಂತರ)

ಏನಾಯಿತು ಅಂತ ಕೇಳಿದವರಿಗೆ. ರಾತ್ರಿ ಹನ್ನೊಂದೂವರೆಗೆ ಟೇಪ್ ಹಿಡಿದು ಹೋದೆವು. ರಸ್ತೆ 20 ಅಡಿ. ಎರಡೂ ಬದಿ ಕಾರು ನಿಂತ ಮೇಲೆ ಉಳಿದದ್ದು ಏಳೂವರೆ ಅಡಿ, ಎರಡನೇ ಕ್ರಾಸಿನ ತಿರುವಿನಲ್ಲಿ ಆರೂ ಕಾಲು. ಫೈರ್ ಇಂಜಿನ್ನಿನ ಅಗಲವೇ ಎಂಟಡಿ ಹತ್ತಿರ. ಈಗ ಒಂದು ಬದಿ ಪಾರ್ಕಿಂಗ್ ಅಂತ ತೀರ್ಮಾನ ಆಗಿದೆ. ಯಾವ ಬದಿ ಅಂತ ಇನ್ನೂ ಜಗಳ.

ಮನೆ ಮನೆಗೆ ಹೋಗಿ ನಡೆಯಲಾಗದವರ ಪಟ್ಟಿ ಮಾಡಿದೆವು. ನಾನು ನಾಲ್ಕೈದು ಜನ ಅಂದುಕೊಂಡಿದ್ದೆ, 23 ಆಯಿತು. ಮಂಡಿ ಆಪರೇಷನ್ ಆದವರು, ಎಂಟು ತಿಂಗಳ ಗರ್ಭಿಣಿ, ರಾತ್ರಿ ಪಾಳಿ ಮುಗಿಸಿ ಕಿವಿಗೆ ಹತ್ತಿ ಇಟ್ಟು ಹಗಲು ಮಲಗುವ ಒಬ್ಬ ಹುಡುಗ. ಪ್ರತಿಯೊಬ್ಬರಿಗೂ ಪಕ್ಕದ ಮನೆಯ ಇಬ್ಬರ ಹೆಸರು. ಪಟ್ಟಿಯನ್ನು ಗ್ರೂಪಿನಲ್ಲಿ ಹಾಕಿಲ್ಲ, ಅದು ಕಳ್ಳರಿಗೂ ಉಪಯೋಗದ ಪಟ್ಟಿ. ಕಾಗದದಲ್ಲಿ ಮೂರು ಪ್ರತಿ.

ಪಿಜಿ ಹುಡುಗ ರಾಯಚೂರಿನವನು. ಅವನನ್ನು ಸಮಿತಿಗೆ ಸೇರಿಸಿಕೊಂಡೆವು. ಅವನ ಮೊದಲ ಪ್ರಶ್ನೆ, 'ನಮ್ಮ ಪಿಜಿ ಬೀಗದ ಕೀ ಯಾರ ಹತ್ತಿರ ಇರುತ್ತೆ ಅಂತ ಕೇಳಿದ್ದೀರಾ?' ಪಿಜಿ ಮಾಲೀಕರ ಜೊತೆ ಮಾತುಕತೆ ನಡೆದಿದೆ. ಗಲಾಟೆ ಅಂತಲೂ ಅನ್ನಬಹುದು.

ಭಾನುವಾರದ ತಾಲೀಮಿಗೆ ಬಂದದ್ದು 31 ಜನ, ಅದರಲ್ಲಿ ಹತ್ತು ಮಕ್ಕಳು. ಅಜ್ಜಿಯನ್ನು ಕಬ್ಬಿಣದ ಕುರ್ಚಿಯಲ್ಲಿ ಮತ್ತೆ ಇಳಿಸಿದೆವು. ಈ ಸಲ ಅವರೇ ಮೆಟ್ಟಿಲು ಎಣಿಸಿದರು. 48.

ನರ್ಸಮ್ಮ

ಸೀರೆ ಕಟ್ಟಿದ್ದಿರಾ?

ನಾಲ್ಕನೇ ಕ್ರಾಸ್

ಕಟ್ಟಿದೆವು. ಯಾವ ಸೀರೆ ಅಂತ ಅಜ್ಜಿಯೇ ಆರಿಸಿ ಕೊಟ್ಟರು.

ಮೂಲೆ ಸೈಟು

ಗೇಟ್ ಏನಾಯಿತು ಅಂತ ಹೇಳಲೇ ಇಲ್ಲ.

ನಾಲ್ಕನೇ ಕ್ರಾಸ್

ಬೀಗ ಇಲ್ಲ ಈಗ. ಒಳಗಿನಿಂದ ಎತ್ತುವ ಅಗುಳಿ, ಪಕ್ಕದಲ್ಲಿ ವಾಚ್‌ಮನ್ ಕುರ್ಚಿ. ಹೊರಗಿನಿಂದ ಬರುವವರಿಗೆ ಒಂದು ಬೆಲ್.

ಅಂದ ಹಾಗೆ ಖಜಾಂಚಿ ತಿರುಪತಿಯಿಂದ ಬಂದರು. ಎಲ್ಲರಿಗೂ ಲಡ್ಡು ಕೊಟ್ಟರು. ಕೀ ಎಲ್ಲಿ ಅಂತ ಕೇಳಿದರೆ, 'ಅಯ್ಯೋ, ಅದು ಮನೆಯಲ್ಲೇ ಇತ್ತಲ್ಲ, ಟಿವಿ ಮೇಲೆ' ಅಂದರು.

ಫಿಲ್ಟರ್ ಕಾಪಿ

ಮನೆ ಕೀ?

ನಾಲ್ಕನೇ ಕ್ರಾಸ್

ತಿರುಪತಿಗೆ ಹೋಗಿತ್ತು.